ಹಳೆಯ ಲಾರಿಗಳಲ್ಲಿ ಇಗ್ನಿಷನ್ ದೋಷವೂ ಬೆಂಕಿಯ ಅಪಾಯವೂ

ಕಣದಿಂದ ಮನೆಗೆ ಹುಲ್ಲನ್ನೂ, ಗ್ರಾಮದಿಂದ ಮಾರುಕಟ್ಟೆಗೆ ಧಾನ್ಯ, ಹತ್ತಿ, ಕೊಬ್ಬರಿ ಮೊದಲಾದ ಪದಾರ್ಥಗಳನ್ನೂ ಸಾಗಿಸುವುದಕ್ಕೆ ಎತ್ತಿನ ಗಾಡಿಗಳ ಸ್ಥಾನದಲ್ಲಿ ಮೋಟಾರು ಲಾರಿಗಳು ಬಂದು ಬಹುಕಾಲವಾಯಿತು. ಸುಗ್ಗಿಯ ಕಾಲದಲ್ಲಿ ಬಾಡಿಗೆಗೆ ಬರುವ ಲಾರಿಗಳಲ್ಲಿ ಹೊಸವೂ ಇರುವುವು, ಹಲವು ಕೈ ಬದಲಾಯಿಸಿ ಸವೆದ ಹಳೆಯವೂ ಇರುವುವು. ಹಳೆಯ ವಾಹನಗಳು ಒಮ್ಮೊಮ್ಮೆ ದಾರಿಯಲ್ಲಿಯೂ ಒಮ್ಮೊಮ್ಮೆ ನಿಂತಲ್ಲಿಯೇ ಹೊತ್ತಿ ಉರಿಯುವುದುಂಟು. ಆಗ ಯಾರೋ ಬೀಡಿಯನ್ನು ಎಸೆದರೆಂದೋ, ದ್ವೇಷದಿಂದ ಬೆಂಕಿಯಿಟ್ಟರೆಂದೋ ಊಹೆಮಾಡಿ ಜನರು ಸುಮ್ಮನಾಗುವರು. ಇಗ್ನಿಷನ್ ಎಂದರೆ ಎಂಜಿನ್ನನ್ನು ಹೊತ್ತಿಸಿ ನಡೆಸುವ ಏರ್ಪಾಡು. ಅದರ ಭಾಗಗಳು ಕೆಟ್ಟಲ್ಲಿ ವಾಹನಕ್ಕೆ ಬೆಂಕಿ ಹತ್ತುವುದು ಸಾಧ್ಯವೇ, ಸಾಧ್ಯವಾದರೆ ಹೇಗೆ, ಅದನ್ನು ತಡೆಯಲು ಗ್ರಾಮದ ಮುಖ್ಯಸ್ಥರೂ ಜಮೀನಿನ ಒಡೆಯರೂ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಂಕ್ಷೇಪವಾಗಿ ಹೇಳುವುದಾದರೆ, ಸಾಧ್ಯವುಂಟು. ಅದು ಎರಡು ಬಗೆಯಾಗಿ ನಡೆಯುವುದು. ಎಂಜಿನ್ನಿನ ಒಳಗೆ ಹುಟ್ಟಬೇಕಾದ ಕಿಡಿಯು ಹೊರಗೆ ಹಾರಿ ಪೆಟ್ರೋಲಿನ ಆವಿಯನ್ನು ಮುಟ್ಟುವುದು ಮೊದಲನೆಯದು. ಚಾವಿಯ ಸ್ವಿಚ್ಚೂ ಅದಕ್ಕೆ ಸೇರಿದ ತಂತಿಗಳೂ ಕಾಯ್ದು ಹೊತ್ತಿಕೊಳ್ಳುವುದು ಎರಡನೆಯದು. ಮೊದಲನೆಯದನ್ನು ಬಹುಮಂದಿ ಬಲ್ಲರು. ಎರಡನೆಯದು ಎಂಜಿನ್ ನಿಂತು, ಚಾವಿಯನ್ನು ತೆಗೆದು, ಡ್ರೈವರು ಮನೆಗೆ ಹೋದ ಮೇಲೆಯೂ ಸಂಭವಿಸಬಹುದು. ಹುಲ್ಲಿನ ಬಣವೆಯ ಪಕ್ಕದಲ್ಲಿ ರಾತ್ರಿ ಲಾರಿಯನ್ನು ನಿಲ್ಲಿಸುವವರು ಮುಖ್ಯವಾಗಿ ತಿಳಿಯಬೇಕಾದುದು ಇದನ್ನೇ.

ಕಿಡಿಯಿಂದ ಬೆಂಕಿ ಹತ್ತುವ ಬಗೆ.— ಬೆಂಕಿಗೆ ಉರಿಯುವ ವಸ್ತು, ಗಾಳಿ, ಸಾಕಷ್ಟು ಶಾಖ ಈ ಮೂರೂ ಒಂದೆಡೆ ಕೂಡಬೇಕು. ಒಂದು ತಪ್ಪಿದರೂ ಬೆಂಕಿಯಿಲ್ಲ. ಪೆಟ್ರೋಲು ಎಂಜಿನ್ನಿನಲ್ಲಿ ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತನ್ನು ಕಾಯಿಲ್ ಎಂಬ ಭಾಗವು ಹದಿನೈದು ಇಪ್ಪತ್ತು ಸಾವಿರ ವೋಲ್ಟಿಗೆ ಏರಿಸುವುದು. ಡಿಸ್ಟ್ರಿಬ್ಯೂಟರು ಅದನ್ನು ಸರದಿಯಂತೆ ಒಂದೊಂದು ಸಿಲಿಂಡರಿನ ಪ್ಲಗ್ಗಿಗೂ ಹಂಚುವುದು. ಇಷ್ಟು ಬಲವಾದ ವಿದ್ಯುತ್ತನ್ನು ಒಯ್ಯುವ ತಂತಿಯ ರಬ್ಬರು ಬಿರಿದಿದ್ದರೆ, ಅಥವಾ ಡಿಸ್ಟ್ರಿಬ್ಯೂಟರಿನ ಮುಚ್ಚಳ ಸೀಳಿದ್ದರೆ, ಕಿಡಿಯು ಪ್ಲಗ್ಗಿಗೆ ಹೋಗದೆ ಹತ್ತಿರದ ಲೋಹಕ್ಕೆ ಹಾರುವುದು. ಕತ್ತಲಲ್ಲಿ ಬಾನೆಟ್ಟನ್ನು ತೆರೆದು ನೋಡಿದರೆ ನೀಲಿಯ ಎಳೆಗಳಂತೆ ಅದು ಕಣ್ಣಿಗೆ ಕಾಣುವುದು.

ಕಿಡಿಯೊಂದೇ ಲಾರಿಯನ್ನು ಸುಡಲಾರದು. ಆದರೆ ಹಳೆಯ ವಾಹನದಲ್ಲಿ ಕಿಡಿ ಸೋರುವ ಕಾಲಕ್ಕೆ ಪೆಟ್ರೋಲಿನ ಕೊಳವೆಯೂ ಸೋರುತ್ತಿರುವ ಸಂಭವ ಹೆಚ್ಚು. ಎರಡೂ ಮುಪ್ಪಿನ ಲಕ್ಷಣಗಳೇ. ಪೆಟ್ರೋಲು ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕಡಿಮೆಯ ಚಳಿಯಲ್ಲಿಯೂ ಹೊತ್ತುವಷ್ಟು ಆವಿಯನ್ನು ಬಿಡುವುದು. ಆ ಆವಿಯು ಗಾಳಿಗಿಂತ ಮೂರು ನಾಲ್ಕು ಪಾಲು ತೂಕವಾದುದರಿಂದ ಮೇಲಕ್ಕೆ ಹಾರಿಹೋಗದೆ ತಗ್ಗಿನಲ್ಲಿ ತಂಗುವುದು. ಗಾಳಿಯ ನೂರು ಪಾಲಿನಲ್ಲಿ ಅದು ಸುಮಾರು ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಬೆರೆತಿದ್ದರೆ ಅತಿ ಸಣ್ಣ ಕಿಡಿಯೂ ಅದನ್ನು ಹೊತ್ತಿಸಬಲ್ಲುದು.

ಕಿಡಿ ತಪ್ಪಾದ ವೇಳೆಯಲ್ಲಿ ಬಿದ್ದರೂ ಕೇಡುಂಟು. ಸಿಲಿಂಡರಿನ ಕವಾಟ ಇನ್ನೂ ತೆರೆದಿರುವಾಗ ಮಿಶ್ರಣವು ಹೊತ್ತಿಕೊಂಡರೆ ಜ್ವಾಲೆಯು ಹಿಂದಕ್ಕೆ ನುಗ್ಗಿ ಕಾರ್ಬುರೇಟರಿನ ಬಾಯಿಂದ ಹೊರಬರುವುದು. ಅಲ್ಲಿ ಗಾಳಿಯ ಶೋಧಕವು ಸರಿಯಾಗಿ ಕೂತಿದ್ದರೆ ಜ್ವಾಲೆ ಅಲ್ಲಿಯೇ ತಡೆಯುವುದು. ಶೋಧಕವನ್ನು ಕಿತ್ತು ಓಡಿಸುವ ವಾಹನದಲ್ಲಿ ಅದು ನೇರವಾಗಿ ಬಾನೆಟ್ಟಿನ ಕೆಳಗೆ ಹರಡುವುದು.

ತಪ್ಪುಕಿಡಿಯೂ ಒಣಹುಲ್ಲೂ.— ಕಿಡಿಯೇ ಬೀಳದೆ ಹೋದರೆ ಪೆಟ್ರೋಲು ಸುಡದೆಯೇ ಹೊಗೆಕೊಳವೆಗೆ ಹೋಗಿ ಅಲ್ಲಿ ಉರಿಯುವುದು. ಇದರಿಂದ ಕೊಳವೆಯೂ ಸೈಲೆನ್ಸರೂ ಎಂದಿಗಿಂತ ಹೆಚ್ಚಾಗಿ ಕಾಯುವುವು. ಹೊಗೆಯನ್ನು ಶುದ್ಧಿಮಾಡುವ ಪೆಟ್ಟಿಗೆಯುಳ್ಳ ಪೆಟ್ರೋಲು ವಾಹನಗಳಲ್ಲಿ ಆ ಪೆಟ್ಟಿಗೆಯು ಕೆಂಪಗೆ ಕಾಯುವುದೂ ಉಂಟು. ಒಣಹುಲ್ಲು ಹೊತ್ತುವುದಕ್ಕೆ ಹೆಚ್ಚುಕಡಿಮೆ 300 ಡಿಗ್ರಿ ಶಾಖವಿದ್ದರೆ ಸಾಕು. ರಾಗಿ, ಹುರುಳಿ ಮೊದಲಾದ ಪೈರನ್ನು ಒಕ್ಕಣೆಗಾಗಿ ರಸ್ತೆಯ ಮೇಲೆ ಹರಡುವ ರೂಢಿ ಕರ್ನಾಟಕದ ಅನೇಕ ಕಡೆಗಳಲ್ಲಿದೆ. ಅದರ ಮೇಲೆ ಹಾಯುವ ವಾಹನದ ಅಡಿಗೆ ಹುರುಳಿಯ ಬಳ್ಳಿ ಸುತ್ತಿಕೊಂಡು ಕಾಯ್ದ ಕೊಳವೆಗೆ ತಗುಲಿದರೆ ಸರಿಯಾಗಿ ನಡೆಯುವ ವಾಹನಕ್ಕೂ ಅಪಾಯವುಂಟು. ಕಿಡಿ ತಪ್ಪುತ್ತಿರುವ ವಾಹನಕ್ಕೆ ಅದು ಇಮ್ಮಡಿಯಾಗುವುದು.

ಡೀಸೆಲ್ ಲಾರಿಗಳಿಗೆ ಭಯವಿಲ್ಲವೇ?— ಈಗ ಸರಕು ಸಾಗಿಸುವ ದೊಡ್ಡ ಲಾರಿಗಳಲ್ಲಿ ಬಹುಪಾಲು ಡೀಸೆಲ್ ಎಂಜಿನ್ನಿನವು. ಡೀಸೆಲ್ ಎಂಜಿನ್ನು ಗಾಳಿಯನ್ನು ಬಲವಾಗಿ ಒತ್ತಿ, ಆ ಒತ್ತಡದ ಶಾಖದಿಂದಲೇ ಎಣ್ಣೆಯನ್ನು ಹೊತ್ತಿಸುವುದು. ಅದಕ್ಕೆ ಕಾಯಿಲ್ ಇಲ್ಲ, ಡಿಸ್ಟ್ರಿಬ್ಯೂಟರಿಲ್ಲ, ಕಿಡಿಯ ಪ್ಲಗ್ಗಿಲ್ಲ. ಡೀಸೆಲ್ ಎಣ್ಣೆಯು ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದೂ ಇಲ್ಲ. ಆದಕಾರಣ ಮೇಲೆ ಹೇಳಿದ ಕಿಡಿಯ ಭಯ ಡೀಸೆಲ್ ಲಾರಿಗಳಿಗೆ ಅಷ್ಟಾಗಿ ಅನ್ವಯಿಸದು. ಆದರೆ ಬ್ಯಾಟರಿ, ಸ್ಟಾರ್ಟರು, ದೀಪಗಳು, ಚಾವಿಯ ಸ್ವಿಚ್ಚು ಇವೆಲ್ಲ ಡೀಸೆಲ್ ಲಾರಿಗೂ ಉಂಟು. ಅನೇಕ ಭಾರಿ ಲಾರಿಗಳಲ್ಲಿ ಬ್ಯಾಟರಿಯ ಬಲವು 12ಕ್ಕೆ ಬದಲಾಗಿ 24 ವೋಲ್ಟು ಇರುವುದು. ಆದ್ದರಿಂದ ಮುಂದೆ ಹೇಳುವ ಎರಡನೆಯ ಬಗೆಯ ಅಪಾಯವು ಎಲ್ಲ ಲಾರಿಗಳಿಗೂ ಟ್ರ್ಯಾಕ್ಟರುಗಳಿಗೂ ಸಮಾನವಾದುದು.

ಚಾವಿ ತೆಗೆದ ಮೇಲೂ ಉಳಿಯುವ ವಿದ್ಯುತ್ತು.— ಮೊದಮೊದಲಿನ ಮೋಟಾರು ವಾಹನಗಳಲ್ಲಿ ಎಂಜಿನ್ನನ್ನು ಕೈಯಿಂದ ತಿರುಗಿಸಿ ಹೊರಡಿಸುತ್ತಿದ್ದರು. ಕಿಡಿಯನ್ನು ಅನೇಕ ವಾಹನಗಳಲ್ಲಿ ಮ್ಯಾಗ್ನೆಟೋ ಎಂಬ ಯಂತ್ರವು ಕೊಡುತ್ತಿತ್ತು. ಎಂಜಿನ್ ನಿಂತೊಡನೆ ಮ್ಯಾಗ್ನೆಟೋ ನಿಲ್ಲುವುದು, ವಿದ್ಯುತ್ತೂ ಇಲ್ಲವಾಗುವುದು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಶಿಲ್ಪಿಯು ಸ್ಟಾರ್ಟರು, ಕಿಡಿ, ದೀಪ ಈ ಮೂರೂ ಒಂದೇ ಬ್ಯಾಟರಿಯನ್ನು ಆಶ್ರಯಿಸಿ ನಡೆಯುವ ಏರ್ಪಾಡನ್ನು ರೂಪಿಸಿದನು. 1912ನೆಯ ಇಸವಿಯ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂದಿತು. ಕೈಯಿಂದ ತಿರುಗಿಸುವ ಶ್ರಮ ತಪ್ಪಿತು. ಆದರೆ ಅಂದಿನಿಂದ ನಿಂತಿರುವ ವಾಹನದೊಳಗೂ ವಿದ್ಯುತ್ತಿನ ಸಂಗ್ರಹವೊಂದು ಸದಾ ಇರುವಂತಾಯಿತು.

ಚಾವಿಯನ್ನು ತಿರುಗಿಸಿ ತೆಗೆದರೆ ವಾಹನದ ವಿದ್ಯುತ್ತು ಪೂರಾ ನಿಂತಿತೆಂದು ಅನೇಕರು ತಿಳಿದಿರುವರು. ಇದು ಸರಿಯಲ್ಲ. ಕೆರೆಯ ತೂಬನ್ನು ಮುಚ್ಚಿದರೆ ಕೆಳಗಿನ ಕಾಲುವೆ ಒಣಗುವುದೇ ಹೊರತು ತೂಬಿನ ಬಾಯಿಯವರೆಗೆ ನೀರು ಒತ್ತಿಕೊಂಡೇ ನಿಂತಿರುವುದು. ಹಾಗೆಯೇ ಬ್ಯಾಟರಿಯಿಂದ ಚಾವಿಯ ಸ್ವಿಚ್ಚಿನವರೆಗೆ ಬರುವ ತಂತಿಯಲ್ಲಿ ಹಗಲೂ ರಾತ್ರಿಯೂ ವಿದ್ಯುತ್ತು ಸಿದ್ಧವಾಗಿ ನಿಂತಿರುವುದು. ತೂಬಿನ ಕಟ್ಟಡದಲ್ಲಿ ಬಿರುಕು ಬಿಟ್ಟರೆ ಮುಚ್ಚಿದ ತೂಬಿನಿಂದಲೂ ನೀರು ಜಿನುಗುವಂತೆ, ಸ್ವಿಚ್ಚಿನ ಒಳಗಿನ ಬೇಕಲೈಟು ಅಥವಾ ಪ್ಲಾಸ್ಟಿಕ್ಕು ಬಿರಿದು, ತೇವ, ಧೂಳು, ಸವೆದ ಲೋಹದ ಪುಡಿ ಸೇರಿಕೊಂಡರೆ ವಿದ್ಯುತ್ತು ಹರಿಯಬಾರದ ಕಡೆಗೆ ಹರಿಯತೊಡಗುವುದು.

ಹೀಗೆ ಹುಟ್ಟುವ ಶಾಖ ಎಷ್ಟೆಂಬುದನ್ನು ಲೆಕ್ಕಮಾಡಿ ನೋಡಬಹುದು. ಸವೆದ ಸಂಧಿಯೊಂದರಲ್ಲಿ ಕೇವಲ ಒಂದು ಓಮಿನ ಹತ್ತನೆಯ ಒಂದು ಪಾಲಿನಷ್ಟು ಅಡ್ಡಿಯಿದ್ದು, ಅದರ ಮೂಲಕ 20 ಆಂಪಿಯರು ವಿದ್ಯುತ್ತು ಹರಿದರೆ ಆ ಒಂದೇ ಸ್ಥಳದಲ್ಲಿ 40 ವ್ಯಾಟು ಶಾಖ ಹುಟ್ಟುವುದು. ರೇಡಿಯೋ ರಿಪೇರಿಯವರು ತವರವನ್ನು ಕರಗಿಸುವ ವಿದ್ಯುತ್ ಸಲಾಕಿಯ ಶಾಖವೂ ಸುಮಾರು ಇಷ್ಟೇ. ಅಂಥಾ ಸಲಾಕಿಯನ್ನು ಪ್ಲಾಸ್ಟಿಕ್ಕಿನ ಡಬ್ಬಿಯೊಳಗಿಟ್ಟು ಗಂಟೆಗಟ್ಟಲೆ ಬಿಟ್ಟರೆ ಆಗುವುದೇ ಸ್ವಿಚ್ಚಿನೊಳಗೂ ಆಗುವುದು.

ಇದಕ್ಕಾಗಿಯೇ ಫ್ಯೂಸು ಇದೆಯಲ್ಲಾ ಎಂದು ಕೇಳಬಹುದು. ಫ್ಯೂಸು ಕರಗುವುದು ತನಗೆ ಗೊತ್ತುಮಾಡಿದ ಮಿತಿಯನ್ನು ವಿದ್ಯುತ್ತು ಮೀರಿದಾಗ ಮಾತ್ರ. ಮೇಲಿನ ಉದಾಹರಣೆಯಲ್ಲಿ ಹರಿಯುವ ವಿದ್ಯುತ್ತು ಮಿತಿಯೊಳಗೇ ಇರುವುದು. ಶಾಖವು ಒಂದು ಸಂಧಿಯಲ್ಲಿ ಮಾತ್ರ ಕೂಡುವುದು. ಫ್ಯೂಸಿಗೆ ಇದರ ಸುಳಿವೇ ಹತ್ತುವುದಿಲ್ಲ. ಅಲ್ಲದೆ ಅನೇಕ ಹಳೆಯ ವಾಹನಗಳಲ್ಲಿ ಬ್ಯಾಟರಿಯಿಂದ ಸ್ವಿಚ್ಚಿಗೆ ಬರುವ ಮುಖ್ಯ ತಂತಿಗೆ ಫ್ಯೂಸಿನ ರಕ್ಷಣೆಯೇ ಇರುವುದಿಲ್ಲ.

ಅಮೆರಿಕದಲ್ಲಿ ನಡೆದುದು.— ಇದು ಬರಿಯ ಊಹೆಯಲ್ಲ. 1996ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಫೋರ್ಡ್ ಕಂಪೆನಿಯು ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ಮಾರಿದ್ದ ಸುಮಾರು 87 ಲಕ್ಷ ವಾಹನಗಳನ್ನು ಚಾವಿಯ ಸ್ವಿಚ್ಚನ್ನು ಬದಲಾಯಿಸುವುದಕ್ಕಾಗಿ ಹಿಂದಕ್ಕೆ ಕರೆಯಿತು. ಅವು 1988ರಿಂದ 1993ರವರೆಗಿನ ಮಾದರಿಗಳು. ಅವುಗಳಲ್ಲಿ ಕಾರುಗಳಲ್ಲದೆ ಎಫ್ ಶ್ರೇಣಿಯ ಹಗುರವಾದ ಲಾರಿಗಳೂ ಇದ್ದುವು. ಸ್ವಿಚ್ಚಿನೊಳಗೆ ವಿದ್ಯುತ್ತು ಅಡ್ಡಹರಿದು, ಸ್ಟಿಯರಿಂಗಿನ ಕಂಬದ ಬಳಿ ಅತಿಯಾಗಿ ಕಾಯ್ದು, ಹೊಗೆಯೂ ಬೆಂಕಿಯೂ ಏಳಬಹುದೆಂಬುದೇ ಇದಕ್ಕೆ ಕಾರಣ. ಇಂಥಾ ಬೆಂಕಿಗಳಲ್ಲಿ ಕೆಲವು ವಾಹನವನ್ನು ನಿಲ್ಲಿಸಿ ಚಾವಿ ತೆಗೆದ ಮೇಲೆ ಹತ್ತಿದವು. ಸ್ವಿಚ್ಚನ್ನು ಒಡೆಯರಿಂದ ಹಣ ತೆಗೆದುಕೊಳ್ಳದೆ ಬದಲಾಯಿಸಿಕೊಡಲಾಯಿತು.

ಇದಕ್ಕೆ ಹೋಲುವ ಇನ್ನೊಂದು ಪ್ರಕರಣ ಅದೇ ಕಂಪೆನಿಯ ವಾಹನಗಳಲ್ಲಿಯೇ ಕಂಡುಬಂದಿತು. ವೇಗವನ್ನು ತಾನಾಗಿ ಒಂದೇ ಸಮನಾಗಿ ಕಾಯುವ ಏರ್ಪಾಡಿಗೆ ಸೇರಿದ ಸಣ್ಣ ಸ್ವಿಚ್ಚೊಂದನ್ನು ಬ್ರೇಕಿನ ಎಣ್ಣೆಯ ಕೊಳವೆಗೆ ಜೋಡಿಸಲಾಗಿತ್ತು. ಎಣ್ಣೆಗೂ ವಿದ್ಯುತ್ತಿಗೂ ನಡುವೆ ತೆಳುವಾದ ಪೊರೆಯೊಂದೇ ಅಡ್ಡ. ವರ್ಷಗಟ್ಟಲೆ ಬ್ರೇಕನ್ನು ಒತ್ತಿ ಒತ್ತಿ ಆ ಪೊರೆ ಬಿರಿಯಲು, ಎಣ್ಣೆಯು ವಿದ್ಯುತ್ತಿನ ಭಾಗಕ್ಕೆ ಇಳಿಯಿತು. ಆ ಸ್ವಿಚ್ಚಿಗೂ ವಿದ್ಯುತ್ತು ಸದಾ ಬರುತ್ತಿದ್ದುದರಿಂದ ನಿಂತ ವಾಹನಗಳು ಹೊತ್ತಿಕೊಂಡವು. ವಾಹನಶಾಲೆಯಿಂದ ಮನೆಗಳಿಗೂ ಬೆಂಕಿ ಹಬ್ಬಿದ ವರದಿಗಳು ಬಂದವು. 1999ರಿಂದ 2009ರವರೆಗೆ ಹಲವು ಕಂತುಗಳಲ್ಲಿ ಒಂದು ಕೋಟಿ ನಲವತ್ತು ಲಕ್ಷಕ್ಕೂ ಮೀರಿದ ವಾಹನಗಳನ್ನು ಇದಕ್ಕಾಗಿ ಹಿಂದಕ್ಕೆ ಕರೆಯಬೇಕಾಯಿತು. ಅವುಗಳಲ್ಲಿ ಎಫ್-150 ಎಂಬ ಲಾರಿಗಳು ಬಹಳವಾಗಿದ್ದುವು. ಫ್ಯೂಸಿರುವ ತಂತಿಯೊಂದನ್ನು ನಡುವೆ ಸೇರಿಸುವುದು ಅದಕ್ಕೆ ಮಾಡಿದ ಪರಿಹಾರ.

ಈ ಎರಡು ಪ್ರಕರಣಗಳಿಂದ ತಿಳಿಯಬೇಕಾದ ನೀತಿ ಒಂದೇ. ಕೈಗೆ ಹಿಡಿಸುವಷ್ಟು ಚಿಕ್ಕದಾದ ಭಾಗವೂ, ಅದಕ್ಕೆ ವಿದ್ಯುತ್ತು ಸದಾ ಬರುತ್ತಿದ್ದರೆ, ನಿಂತ ವಾಹನವನ್ನು ಸುಡಬಲ್ಲುದು.

ಹಳೆಯ ವಾಹನಗಳಲ್ಲಿ ಅಪಾಯ ಹೆಚ್ಚಾಗುವ ಕಾರಣಗಳು.— ಎಂಜಿನ್ನಿನ ಶಾಖದಿಂದ ತಂತಿಗಳ ಹೊದಿಕೆಯು ಗಡುಸಾಗಿ ಬಿರಿಯುವುದು. ರಸ್ತೆಯ ಕುಲುಕಾಟದಿಂದ ಸಂಧಿಗಳು ಸಡಿಲವಾಗುವುವು. ಮಳೆಗಾಲದ ತೇವದಿಂದ ಕಿಲುಬು ಹಿಡಿಯುವುದು. ಇವಲ್ಲದೆ ಮನುಷ್ಯರೇ ತಂದುಕೊಳ್ಳುವ ಕಾರಣಗಳೂ ಉಂಟು. ಹೆಚ್ಚಿನ ದೀಪಗಳನ್ನೂ, ಗಟ್ಟಿಯಾದ ಹಾರನ್ನುಗಳನ್ನೂ, ಹಾಡಿನ ಪೆಟ್ಟಿಗೆಗಳನ್ನೂ ರಿಲೇ ಇಲ್ಲದೆ ನೇರವಾಗಿ ಚಾವಿಯ ಸ್ವಿಚ್ಚಿನ ತಂತಿಗೆ ಸೇರಿಸಿದರೆ, ಅದು ತಡೆಯಲಾರದಷ್ಟು ವಿದ್ಯುತ್ತು ಅದರ ಮೂಲಕ ಹರಿಯುವುದು. ಎರಡು ಎತ್ತುಗಳು ಎಳೆಯುವ ಗಾಡಿಗೆ ನಾಲ್ಕು ಎತ್ತುಗಳ ಹೊರೆಯನ್ನು ಹೇರಿದಂತೆ ಇದು. ಫ್ಯೂಸು ಕರಗಿದಾಗ ಕಾರಣವನ್ನು ಹುಡುಕದೆ ಅದರ ಜಾಗದಲ್ಲಿ ತಾಮ್ರದ ತಂತಿಯನ್ನೋ ಸಿಗರೇಟಿನ ಪೊಟ್ಟಣದ ಬೆಳ್ಳಿಕಾಗದವನ್ನೋ ಸುತ್ತುವುದು ಇನ್ನೂ ಕೆಟ್ಟ ಅಭ್ಯಾಸ. ಧಾನ್ಯದ ಉಗ್ರಾಣದ ಬಳಿ ನಿಲ್ಲಿಸುವ ವಾಹನಗಳಲ್ಲಿ ಇಲಿಗಳು ತಂತಿಯ ಹೊದಿಕೆಯನ್ನು ಕಡಿದುಹಾಕುವುದೂ ಸಾಮಾನ್ಯ.

ಹಳೆಯ ಪೆಟ್ರೋಲು ಜೀಪು, ಲಾರಿಗಳನ್ನು ಇಟ್ಟುಕೊಂಡಿರುವವರು ಇನ್ನೊಂದನ್ನು ಗಮನಿಸತಕ್ಕದ್ದು. ಭಾರತದಲ್ಲಿ 2025ನೆಯ ಇಸವಿಯ ವೇಳೆಗೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಎಲ್ಲೆಡೆ ಬಳಕೆಗೆ ಬಂದಿತು. ಅದನ್ನು ಉದ್ದೇಶಿಸಿ ಮಾಡದ ಹಿಂದಿನ ರಬ್ಬರು ಕೊಳವೆಗಳೂ ಪೊರೆಗಳೂ ಎಥನಾಲಿನಿಂದ ಬೇಗ ಕೆಡಬಹುದು. ಅಂಥಾ ಕೊಳವೆಗಳನ್ನು ಸೋರುವ ಮೊದಲೇ ಬದಲಾಯಿಸುವುದು ಲೇಸು.

ಎಲ್ಲ ಬೆಂಕಿಗೂ ಇದೇ ಕಾರಣವಲ್ಲ.— ವಾಹನಕ್ಕೆ ಬೆಂಕಿ ಹತ್ತಿದಾಗಲೆಲ್ಲ ಇಗ್ನಿಷನ್ ಭಾಗಗಳನ್ನೇ ದೂರುವುದು ನ್ಯಾಯವಲ್ಲ. ಅಮೆರಿಕದ ಅಂಕಿಅಂಶಗಳಲ್ಲಿ ಎಣ್ಣೆಯ ಸೋರಿಕೆಯೇ ಮೊದಲಾದ ಯಾಂತ್ರಿಕ ದೋಷಗಳಿಗೆ ಮೊದಲನೆಯ ಸ್ಥಾನವೂ, ವಿದ್ಯುತ್ತಿನ ದೋಷಗಳಿಗೆ ಅದರ ನಂತರದ ಸ್ಥಾನವೂ ಇವೆ. ಸೋರಿದ ಎಣ್ಣೆ ಕಾಯ್ದ ಹೊಗೆಕೊಳವೆಯ ಮೇಲೆ ಬೀಳುವುದು, ಬ್ರೇಕು ಬಿಗಿಹಿಡಿದು ಚಕ್ರ ಕಾಯುವುದು, ಎತ್ತರವಾಗಿ ಹೇರಿದ ಹುಲ್ಲು ಮೇಲಿನ ವಿದ್ಯುತ್ ತಂತಿಗೆ ತಗಲುವುದು, ಇವೆಲ್ಲವೂ ಕಾರಣಗಳೇ. ಬೆಂಕಿಯು ಗುರುತುಗಳನ್ನೂ ಸುಟ್ಟುಹಾಕುವುದರಿಂದ ಕಾರಣವನ್ನು ಗೊತ್ತುಮಾಡುವುದು ಕಷ್ಟ. ಆದ್ದರಿಂದ ಊಹೆಯ ಮೇಲೆ ನೆರೆಯವರನ್ನಾಗಲಿ ಡ್ರೈವರನ್ನಾಗಲಿ ದೂಷಿಸುವುದಕ್ಕೆ ಮೊದಲು, ಸುಟ್ಟ ವಾಹನವನ್ನು ಕದಲಿಸದೆ ಪೊಲೀಸರಿಗೂ ವಿಮೆಯ ಕಂಪೆನಿಯ ಪರೀಕ್ಷಕರಿಗೂ ತೋರಿಸುವುದು ಮುಖ್ಯಸ್ಥರ ಕರ್ತವ್ಯವಾಗಿದೆ.

ಮುಂಚಿತವಾಗಿ ತೋರುವ ಲಕ್ಷಣಗಳು.— ಚಾವಿಯ ಸ್ವಿಚ್ಚನ್ನೂ ಅದರ ಸುತ್ತಲಿನ ಹೊದಿಕೆಯನ್ನೂ ಮುಟ್ಟಿದರೆ ಬಿಸಿಯಾಗಿರುವುದು. ಚಾವಿಯನ್ನು ಅಲುಗಿಸಿದರೆ ದೀಪಗಳು ಮಿಣುಕುವುದು ಅಥವಾ ಎಂಜಿನ್ ನಿಲ್ಲುವುದು. ಚಾವಿ ತೆಗೆದ ಮೇಲೂ ಯಾವುದಾದರೂ ದೀಪವೋ ಫ್ಯಾನೋ ನಡೆಯುತ್ತಿರುವುದು. ಒಂದೇ ಫ್ಯೂಸು ಮೇಲಿಂದ ಮೇಲೆ ಕರಗುವುದು. ನಿಂತ ವಾಹನದ ಬ್ಯಾಟರಿ ಒಂದೇ ರಾತ್ರಿಯಲ್ಲಿ ಇಳಿದುಹೋಗುವುದು. ಪ್ಲಾಸ್ಟಿಕ್ಕು ಸುಟ್ಟ ವಾಸನೆ ಬರುವುದು. ಇವುಗಳಲ್ಲಿ ಒಂದು ಕಂಡರೂ ವಾಹನವನ್ನು ಅನುಭವವುಳ್ಳ ಮೆಕ್ಯಾನಿಕ್ಕಿಗೆ ತೋರಿಸುವವರೆಗೆ ಹುಲ್ಲು, ಹತ್ತಿ ಮೊದಲಾದ ಬೇಗ ಹೊತ್ತುವ ಸರಕನ್ನು ಅದಕ್ಕೆ ಹೇರಕೂಡದು.

ಅನುಸರಿಸತಕ್ಕ ಕ್ರಮಗಳು.—

(1) ಯಾವ ವಾಹನವನ್ನಾಗಲಿ, ವಿಶೇಷವಾಗಿ ಹಳೆಯದನ್ನು, ಬಣವೆ, ಕಣ, ಕೊಟ್ಟಿಗೆ, ಉಗ್ರಾಣ ಇವುಗಳ ಪಕ್ಕದಲ್ಲಿ ರಾತ್ರಿ ನಿಲ್ಲಿಸಕೂಡದು. ಸುತ್ತಲೂ ಒಣಹುಲ್ಲು ಇಲ್ಲದ ಬರಿನೆಲದಲ್ಲಿ, ಗಾಳಿ ಬೀಸುವ ದಿಕ್ಕನ್ನು ನೋಡಿ, ದೂರದಲ್ಲಿ ನಿಲ್ಲಿಸತಕ್ಕದ್ದು. ಹುಲ್ಲನ್ನು ಹೇರಿದ ಲಾರಿಯನ್ನು ಇಳಿಸದೆ ರಾತ್ರಿಯೆಲ್ಲ ಬಿಡುವುದು ಅಪಾಯಕರ.

(2) ಬ್ಯಾಟರಿಯ ಸಂಬಂಧವನ್ನು ಕಡಿಯುವ ಸ್ವಿಚ್ಚನ್ನು ಹಾಕಿಸಿ, ವಾಹನ ನಿಂತೊಡನೆ ಅದನ್ನು ತಿರುಗಿಸುವ ಅಭ್ಯಾಸವನ್ನು ಡ್ರೈವರಿಗೆ ಮಾಡಿಸತಕ್ಕದ್ದು. ಕೆರೆಯ ನೀರನ್ನು ತೂಬಿನವರೆಗೂ ಬಾರದಂತೆ ತಡೆದಂತೆ ಇದು. ಅದಿಲ್ಲದಿದ್ದಲ್ಲಿ, ಸುಗ್ಗಿ ಮುಗಿದು ವಾಹನವನ್ನು ದಿನಗಟ್ಟಲೆ ನಿಲ್ಲಿಸುವಾಗ ಬ್ಯಾಟರಿಯ ತಂತಿಯನ್ನು ಬಿಚ್ಚಿಡಬೇಕು. ಬಿಚ್ಚುವಾಗ ವಾಹನದ ಮೈಗೆ ಸೇರಿದ ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನು ಕೊನೆಯಲ್ಲಿ ಜೋಡಿಸಬೇಕು. ಇಲ್ಲವಾದರೆ ಸ್ಪ್ಯಾನರು ತಗುಲಿ ಕಿಡಿ ಹಾರುವುದು.

(3) ಸುಗ್ಗಿಗೆ ಮೊದಲು ಚಾವಿಯ ಸ್ವಿಚ್ಚು, ಬ್ಯಾಟರಿಯ ದಪ್ಪತಂತಿಗಳು, ಸ್ಟಾರ್ಟರಿನ ಸಂಧಿಗಳು, ಪೆಟ್ರೋಲು ವಾಹನವಾದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತು ಪ್ಲಗ್ಗಿನ ತಂತಿಗಳು, ಎಣ್ಣೆಯ ಕೊಳವೆಗಳು ಇವನ್ನೆಲ್ಲ ಪರೀಕ್ಷೆಮಾಡಿಸಿ, ಸವೆದವನ್ನು ಬದಲಾಯಿಸತಕ್ಕದ್ದು. ಫ್ಯೂಸು ಮೂಲದಲ್ಲಿ ಎಷ್ಟು ಆಂಪಿಯರಿನದೋ ಅಷ್ಟರದೇ ಇರಬೇಕು.

(4) ಬಾಡಿಗೆಗೆ ಲಾರಿಯನ್ನು ಗೊತ್ತುಮಾಡುವಾಗ ದರವನ್ನು ವಿಚಾರಿಸುವಂತೆ ಬೆಂಕಿ ಆರಿಸುವ ಒಣಪುಡಿಯ ಸಿಲಿಂಡರು ಇದೆಯೇ, ಅದರ ಅವಧಿ ಮುಗಿದಿಲ್ಲವಷ್ಟೆ ಎಂಬುದನ್ನೂ ವಿಚಾರಿಸಬೇಕು.

(5) ಪೈರನ್ನು ರಸ್ತೆಯ ಮೇಲೆ ಹರಡದೆ ಕಣದಲ್ಲಿಯೇ ಒಕ್ಕುವಂತೆ ಗ್ರಾಮಸ್ಥರಿಗೆ ಮುಖ್ಯಸ್ಥರು ತಿಳಿಯಹೇಳಬೇಕು.

ಬೆಂಕಿ ಹತ್ತಿದಲ್ಲಿ.— ಕೂಡಲೆ ವಾಹನವನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಒಳಗಿದ್ದವರೆಲ್ಲರೂ ಇಳಿದು ದೂರ ಹೋಗತಕ್ಕದ್ದು. ಹೊಗೆ ಬರುವ ಬಾನೆಟ್ಟನ್ನು ಪೂರ್ತಿಯಾಗಿ ಎತ್ತಕೂಡದು. ಎತ್ತಿದರೆ ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಬಡಿಯುವುದು. ಪೆಟ್ರೋಲು ಉರಿಯುವಾಗ ನೀರನ್ನು ಎರಚಿದರೆ ಪೆಟ್ರೋಲು ನೀರಿನ ಮೇಲೆ ತೇಲಿ ಬೆಂಕಿ ಹರಡುವುದು; ಒಣಪುಡಿಯನ್ನಾಗಲಿ ಮರಳನ್ನಾಗಲಿ ಮಣ್ಣನ್ನಾಗಲಿ ಉಪಯೋಗಿಸಬೇಕು. ಬೆಂಕಿ ದೊಡ್ಡದಾಗಿದ್ದರೆ ವಾಹನದ ಆಸೆಯನ್ನು ಬಿಟ್ಟು, ಹತ್ತಿರದ ಬಣವೆ ಮತ್ತು ದನಕರುಗಳನ್ನು ರಕ್ಷಿಸುವ ಕಡೆಗೆ ಗಮನ ಕೊಡತಕ್ಕದ್ದು. ಅಗ್ನಿಶಾಮಕ ದಳಕ್ಕೆ 101 ಅಥವಾ 112 ಸಂಖ್ಯೆಗೆ ಟೆಲಿಫೋನ್ ಮಾಡಿ ಗ್ರಾಮದ ಹೆಸರನ್ನೂ ದಾರಿಯ ಗುರುತನ್ನೂ ಸ್ಪಷ್ಟವಾಗಿ ತಿಳಿಸಬೇಕು.

ಒಂದು ಬಣವೆಯೆಂದರೆ ಒಂದು ವರ್ಷದ ದನಗಳ ಮೇವು. ಅದು ಸುಟ್ಟುಹೋದರೆ ಬೇಸಿಗೆಯಲ್ಲಿ ಎತ್ತುಗಳನ್ನು ಮಾರಬೇಕಾದ ಕಷ್ಟ ಒದಗುವುದು. ಸವೆದ ಸ್ವಿಚ್ಚನ್ನು ಬದಲಾಯಿಸುವ ವೆಚ್ಚವು ಆ ನಷ್ಟದ ಮುಂದೆ ಲೆಕ್ಕಕ್ಕೆ ಬಾರದು. ಲಾರಿಯನ್ನು ಬಣವೆಯಿಂದ ದೂರ ನಿಲ್ಲಿಸುವುದಕ್ಕಾದರೋ ಕಾಸಿನ ಖರ್ಚೂ ಇಲ್ಲ. ಚಾವಿಯನ್ನು ಜೇಬಿಗೆ ಹಾಕಿಕೊಂಡ ಮಾತ್ರಕ್ಕೆ ವಾಹನವು ನಿದ್ರೆಹೋಯಿತೆಂದು ಭಾವಿಸದೆ, ಬ್ಯಾಟರಿಯ ಸಂಬಂಧವನ್ನು ಕಡಿದ ಮೇಲೆಯೇ ಅದು ನಿಂತಿತೆಂದು ತಿಳಿಯುವುದನ್ನು ಗ್ರಾಮಗಳ ಮುಖ್ಯಸ್ಥರೂ ಜಮೀನಿನ ಒಡೆಯರೂ ತಾವು ಅನುಸರಿಸಿ, ತಮ್ಮ ಡ್ರೈವರುಗಳಿಗೂ ನೆರೆಹೊರೆಯ ರೈತರಿಗೂ ಕಲಿಸತಕ್ಕದ್ದು.